ಹಾಡಿಯಲ್ಲಿ ಸಿಕಲ್ ಸೆಲ್ ಪರೀಕ್ಷೆ: ಮಿಷನ್ ಆಸ್ಪತ್ರೆಯ ತಂಡಕ್ಕೆ

ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ, ತಂದೆತಾಯಿಯಿಂದ ಬರುವ ರೋಗ ಸಿಕಲ್ ಸೆಲ್. ಅದು ಭಾರತದಲ್ಲಿ ಮೊದಲು ಗುರುತಾದದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. ಕೈಕಾಲು ನೋವು, ಹಳದಿ ಕಣ್ಣು, ಪದೇ ಪದೇ ಜ್ವರ ಇರುವ ಮಗುವಿಗೆ ಬರೀ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಬೇಡಿ, ಸಾಲ್ಯುಬಿಲಿಟಿ ಪರೀಕ್ಷೆ (ದ್ರಾವಣದಲ್ಲಿ ರಕ್ತ ಬೆರೆಸಿ ರಾಡಿಯಾಗುತ್ತದೆಯೇ ಎಂದು ನೋಡುವುದು) ಮಾಡಿ. ಫಲಿತಾಂಶ ಹೇಳಲು ಮತ್ತೆ ಬರುವ ದಿನವನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಅದಿಲ್ಲದೆ ಸೂಜಿ ಚುಚ್ಚುವುದು ಅನ್ಯಾಯ.

ಐಸ್ ಬಾಕ್ಸಿನಿಂದ ತೆಗೆದ ದ್ರಾವಣದ ತಣುಪು ಪೂರ್ತಿ ಹೋಗಲಿ. ಗಾಜಿನ ನಳಿಕೆಗೆ 2 ಮಿ.ಲೀ. ಹಾಕಿ, ಬೆರಳ ತುದಿಯ 20 ಮೈಕ್ರೋಲೀಟರ್ ರಕ್ತ ಬೆರೆಸಿ, 5 ನಿಮಿಷ ಬಿಡಿ. ನಳಿಕೆಯ ಹಿಂದೆ ಕಪ್ಪು ಗೆರೆಯ ಕಾರ್ಡ್ ಹಿಡಿಯಿರಿ. ಗೆರೆ ಕಂಡರೆ ನೆಗೆಟಿವ್, ರಾಡಿಯಲ್ಲಿ ಮುಚ್ಚಿಹೋದರೆ ಪಾಸಿಟಿವ್.

ಎಡವುವುದು ಹೆಚ್ಚಾಗಿ ನೆಗೆಟಿವ್‌ನಲ್ಲೇ. ದ್ರಾವಣದಲ್ಲಿರುವ ಡೈಥಯೊನೈಟ್ ಎಂಬ ರಾಸಾಯನಿಕ ಗಾಳಿ ತಾಗಿ ಸತ್ವ ಕಳೆದುಕೊಂಡರೆ ಇಡೀ ಹಾಡಿಗೆ ರೋಗವಿಲ್ಲವೆಂದೇ ತೋರುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಪಾಸಿಟಿವ್, ನೆಗೆಟಿವ್ ಎಂದು ಗೊತ್ತಿರುವ ಎರಡು ರಕ್ತಗಳನ್ನು ಮೊದಲು ಹಾಕಿ ನೋಡಬೇಕು. ಹಿಮೋಗ್ಲೋಬಿನ್ 7 ಗ್ರಾಂಗಿಂತ (ಡೆಸಿಲೀಟರಿಗೆ) ಕಡಿಮೆಯಿದ್ದರೆ ರಕ್ತ ದುಪ್ಪಟ್ಟು ಬೇಕು. ಆರು ತಿಂಗಳೊಳಗಿನ ಕೂಸಿನಲ್ಲಿ, ಈಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಈ ಪರೀಕ್ಷೆಯನ್ನು ನಂಬಬೇಡಿ.

ರಾಡಿಯಾದ ಮಾತ್ರಕ್ಕೆ ರೋಗವೆಂದಲ್ಲ, ಬರೀ ವಾಹಕರಿರಬಹುದು, ಅಂದರೆ ತಂದೆ ಅಥವಾ ತಾಯಿ ಒಬ್ಬರಿಂದಷ್ಟೇ ದೋಷ ಪಡೆದವರು. ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಖಚಿತಪಡಿಸುವ ಹೆಚ್‌ಪಿಎಲ್‌ಸಿ ಪರೀಕ್ಷೆಗೆ ರಕ್ತವನ್ನು ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಇರುವ ನಳಿಕೆಯಲ್ಲಿ, ಮಂಜುಗಡ್ಡೆ ನೇರ ತಾಗದಂತೆ ಕಳಿಸಿ. ಅಲ್ಲಿಯವರೆಗೆ ಯಾರ ಹೆಸರನ್ನೂ ಜನರ ಮುಂದೆ ಎತ್ತಬೇಡಿ. ಅರ್ಧ ತಿಳಿದ ಮಾತಿಗೇ ಹುಡುಗಿಯ ಮದುವೆ ಮುರಿಯುತ್ತದೆ.

ಪ್ರಾರ್ಥನೆ ಬೇಕೆಂದು ಯಾರಾದರೂ ಕೇಳಿದರೆ ಕ್ಲಿನಿಕ್ ಮುಗಿದ ಮೇಲೆ, ಬೇರೆ ಜಾಗದಲ್ಲಿ ಮಾಡಿ. ಮಾತ್ರೆಯ ಸಾಲಿನಲ್ಲಿ ನಿಂತವರಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ.

ರೋಗ ಖಚಿತವಾದ ಮಗುವಿಗೆ ಫೋಲಿಕ್ ಆಸಿಡ್, ನ್ಯುಮೊಕಾಕಲ್ ಲಸಿಕೆ, 5 ವರ್ಷದವರೆಗೆ ದಿನಕ್ಕೆರಡು ಸಲ ಪೆನಿಸಿಲಿನ್ ಬೇಕು. ನೋವಿನ ಕಾಟ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮದ್ದು ಬೇಕೇ ಎಂಬುದನ್ನು ಆಸ್ಪತ್ರೆಯ ವೈದ್ಯರು ನಿರ್ಧರಿಸಲಿ. ಇಷ್ಟೇ ಮುಖ್ಯವಾದದ್ದು ತಾಯಿಗೆ ಗುಲ್ಮ (ಸ್ಪ್ಲೀನ್) ಮುಟ್ಟಿ ನೋಡಲು ಕಲಿಸುವುದು. ಈ ರೋಗದಲ್ಲಿ ರಕ್ತ ತುಂಬಿಕೊಂಡು ಅದು ಒಮ್ಮೆಲೇ ಊದಬಹುದು. ಮಗುವನ್ನು ಅಂಗಾತ ಮಲಗಿಸಿ ಮಂಡಿ ಮಡಿಸಿ. ತಾಯಿಯ ಬೆರಳುಗಳನ್ನು ನೀವೇ ಹಿಡಿದು, ಹೊಕ್ಕುಳ ಕೆಳಗಿನಿಂದ ಎಡ ಪಕ್ಕೆಲುಬಿನ ಕಡೆಗೆ ಮೆಲ್ಲನೆ ಸರಿಸಿ. ಗುಲ್ಮ ಊದಿದ್ದರೆ, ಮಗು ಉಸಿರೆಳೆದಾಗ ಅದರ ಅಂಚು ಬೆರಳಿಗೆ ತಾಗುತ್ತದೆ. ಪಕ್ಕೆಲುಬಿನಿಂದ ಎಷ್ಟು ಬೆರಳು ಕೆಳಗಿದೆ ಎಂದು ಕಾರ್ಡಿನಲ್ಲಿ ಗೆರೆ ಎಳೆದುಕೊಡಿ. ಆ ಅಂಚು ಗೆರೆಗಿಂತ ಒಮ್ಮೆಲೇ ಎರಡು ಬೆರಳು ಕೆಳಗಿಳಿದು ಮಗು ಬಿಳಿಚಿದರೆ, ರಾತ್ರಿಯಾದರೂ ಸರಿ, ಆಗಲೇ ಆಸ್ಪತ್ರೆಗೆ ಹೊರಡಬೇಕು. ಜ್ವರ ಬಂದರೂ ಹಾಗೆಯೇ.