ಮಲೆನಾಡಿನ ಮನೆಯಲ್ಲಿ ಊಸರವಳ್ಳಿ: ನೀರುಣಿಸುವುದಕ್ಕಿಂತ ಗೂಡು ಒಣಗಿಸುವುದೇ ಕಷ್ಟ

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ನಮ್ಮ ಕುರುಚಲು ಕಾಡು, ಬೇಲಿಸಾಲುಗಳಲ್ಲಿ ಕಾಣುವ ಊಸರವಳ್ಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಅದನ್ನು ಹಿಡಿಯುವುದು, ಸಾಕುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. ‘ಮಕ್ಕಳು ಎರಡು ದಿನ ನೋಡಲಿ, ಆಮೇಲೆ ಬಿಟ್ಟರಾಯಿತು’ ಎನ್ನುವುದಕ್ಕೂ ಅವಕಾಶವಿಲ್ಲ. ಬೆಕ್ಕು ಕಚ್ಚಿ ಗಾಯಗೊಂಡದ್ದು ಕಣ್ಣಿಗೆ ಬಿದ್ದರೆ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಿ. ವಿಷದ ಪ್ರಾಣಿ ಎಂದು ಕಂಡಲ್ಲಿ ಕಲ್ಲು ಹೊಡೆಯುವವರು ಈಗಲೂ ಇದ್ದಾರೆ. ಊಸರವಳ್ಳಿಗೆ ವಿಷವೇ ಇಲ್ಲ.

ಸಾಕಬಹುದಾದದ್ದು ವಿದೇಶಿ ತಳಿಗಳನ್ನು, ಅದೂ ಕಾಗದಪತ್ರ ಸರಿಯಾಗಿದ್ದರೆ ಮಾತ್ರ. ಇವುಗಳಲ್ಲಿ ಹೊಸಬರಿಗೆ ತಕ್ಕಮಟ್ಟಿಗೆ ಒಗ್ಗುವುದು ವೇಲ್ಡ್ ಕಮೀಲಿಯನ್. ಯೆಮನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಭಾಗ ಇದರ ತವರು. ತಲೆಯ ಮೇಲೆ ಎತ್ತರದ ಶಿಖೆ, ಮೈಮೇಲೆ ಹಸಿರು-ಹಳದಿ ಪಟ್ಟೆ. ಗಂಡು ಬಾಲ ಸೇರಿ ಒಂದೂವರೆ ಅಡಿ ದಾಟುತ್ತದೆ. ಇದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಹಾಗಾಗಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ಅಲ್ಲಿ ತಿಳಿಸಬೇಕು. ಮಾರುವವರು ‘ಪೇಪರ್ ಎಲ್ಲ ಯಾರೂ ಕೇಳಲ್ಲ ಸಾರ್’ ಎಂದರೆ ಎದ್ದು ಬನ್ನಿ. ಗೂಡಿನಲ್ಲೇ ಹುಟ್ಟಿ ಬೆಳೆದ, ಕನಿಷ್ಠ ಮೂರು ತಿಂಗಳಾದ ಮರಿಯನ್ನೇ ಆರಿಸಿ.

ಇನ್ನೊಂದು ವಿಷಯ. ಇದು ತೊಡೆಯ ಮೇಲೆ ಕೂರಿಸಿಕೊಂಡು ಮುದ್ದು ಮಾಡುವ ಪ್ರಾಣಿಯಲ್ಲ. ಮುಟ್ಟಿದಷ್ಟೂ ಹೆದರುತ್ತದೆ. ನೋಡಿ ಸಂತೋಷಪಡುವ ತಾಳ್ಮೆಯಿದ್ದವರು ಮುಂದೆ ಓದಿ.

ಗೂಡು ಎಲ್ಲಿ, ಹೇಗೆ

ದೊಡ್ಡ ಊಸರವಳ್ಳಿಗೆ ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರದ ಗೂಡು ಬೇಕು. ನಾಲ್ಕೂ ಕಡೆ ಜಾಲರಿ ಇರಲಿ. ಮೀನಿನ ತೊಟ್ಟಿಯ ಗಾಜಿನ ಪೆಟ್ಟಿಗೆ ನಮ್ಮ ಹವೆಗೆ ಖಂಡಿತ ಬೇಡ, ಅದರೊಳಗೆ ಗಾಳಿ ಆಡುವುದಿಲ್ಲ. ಅಲ್ಯುಮಿನಿಯಂ ಕಿಟಕಿ ಮಾಡುವವರಿಗೆ ಅಳತೆ ಕೊಟ್ಟರೆ ಚೌಕಟ್ಟು ಮಾಡಿಕೊಡುತ್ತಾರೆ. ನೈಲಾನ್ ಸೊಳ್ಳೆಪರದೆಯನ್ನು ಹುಳುಗಳು ಕಡಿದು ತೂತು ಮಾಡುತ್ತವೆ, ಪ್ಲಾಸ್ಟಿಕ್ ಲೇಪನದ ತಂತಿ ಜಾಲರಿ ವಾಸಿ. ಒಂದು ಗೂಡಿಗೆ ಒಂದೇ ಪ್ರಾಣಿ. ಜೋಡಿ ಬೇಕು ಪಾಪ ಎಂಬ ಕನಿಕರ ಇಲ್ಲಿ ಸಲ್ಲದು, ಎರಡಿದ್ದರೆ ಒಂದು ಸೊರಗುತ್ತದೆ.

ಒಳಗೆ ಅಡ್ಡಡ್ಡ ಕೊಂಬೆಗಳನ್ನು ಬೇರೆ ಬೇರೆ ದಪ್ಪದಲ್ಲಿ ಕಟ್ಟಿ. ಕಾಫಿ ಗಿಡ ಸವರಿ ಬಿಸಾಡಿದ ರೆಂಬೆ, ಪೇರಲೆ ಕೊಂಬೆ ಎರಡೂ ಚೆನ್ನ. ಕಾಲಿನ ಹಿಡಿತಕ್ಕೆ ಸಿಗುತ್ತವೆ. ಕುಂಡದಲ್ಲಿ ದಾಸವಾಳ ಇಡಿ. ವೇಲ್ಡ್ ತಳಿ ಎಲೆಯನ್ನೂ ಮೇಯುತ್ತದೆ, ದಾಸವಾಳದ ಎಲೆ-ಹೂ ತಿಂದರೆ ತೊಂದರೆಯಿಲ್ಲ. ಕಣಗಿಲೆ, ಎಕ್ಕದ ಗಿಡ ಹತ್ತಿರವೂ ಸುಳಿಯಬಾರದು.

ಜಾಗ ಆರಿಸುವಾಗ ಹೊಗೆಯ ಬಗ್ಗೆ ಯೋಚಿಸಿ. ಬಚ್ಚಲ ಒಲೆಯ ಪಕ್ಕದ ಕೋಣೆ, ಅಡಿಕೆ ಬೇಯಿಸುವ ಜಾಗಕ್ಕೆ ತೆರೆದ ಜಗುಲಿ ಎರಡೂ ಬೇಡ. ನೆಲದ ಮೇಲಿಟ್ಟರೆ ನಾವು ಮೇಲಿಂದ ಬಗ್ಗಿ ನೋಡಿದಾಗಲೆಲ್ಲ ಬೆದರಿ ಕಪ್ಪಾಗುತ್ತದೆ. ಮೇಜಿನ ಮೇಲಿಟ್ಟು, ಅದು ಕೂರುವ ಕೊಂಬೆ ನಮ್ಮ ಕಣ್ಣಿಗಿಂತ ಎತ್ತರದಲ್ಲಿರುವಂತೆ ನೋಡಿಕೊಳ್ಳಿ. ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದರೆ ಇರುವೆ ಹತ್ತುವುದಿಲ್ಲ.

ಬಿಸಿಲು ಮತ್ತು ಬೆಳಕು

ಊಸರವಳ್ಳಿಯ ಮೂಳೆ ಗಟ್ಟಿಯಾಗಲು ಬಿಸಿಲಿನಲ್ಲಿರುವ ಯುವಿ-ಬಿ ಎಂಬ ನೇರಳಾತೀತ ಕಿರಣ ಬೇಕು. ಕಿಟಕಿಯ ಗಾಜು ಅದನ್ನು ತಡೆಯುತ್ತದೆ, ಆದ್ದರಿಂದ ಗಾಜಿನ ಹಿಂದೆ ಬಿಸಿಲು ಬಿದ್ದರೆ ಏನೂ ಪ್ರಯೋಜನವಿಲ್ಲ. ಸರೀಸೃಪಗಳಿಗೆಂದೇ ಬರುವ ಉದ್ದನೆಯ ಟಿ5 (ತೆಳು ಕೊಳವೆಯ) ಯುವಿ-ಬಿ ಟ್ಯೂಬನ್ನು ಗೂಡಿನ ಮೇಲಿಟ್ಟು ದಿನಕ್ಕೆ 12 ಗಂಟೆ ಉರಿಸಿ. ದೀಪಕ್ಕೂ ಮೇಲಿನ ಕೊಂಬೆಗೂ ಸುಮಾರು 20ರಿಂದ 25 ಸೆಂ.ಮೀ. ಅಂತರವಿರಲಿ. ಬೆಳಕು ಕಾಣುತ್ತಿದ್ದರೂ ಕಿರಣ ಕ್ಷೀಣಿಸುತ್ತದೆ, ವರ್ಷಕ್ಕೊಮ್ಮೆಯಾದರೂ ಬದಲಿಸಿ. ಜೊತೆಗೆ ಒಂದು ಮೂಲೆಯಲ್ಲಿ ಮೈ ಕಾಯಿಸಿಕೊಳ್ಳಲು ಹಳೇ ಮಾದರಿಯ ಬಿಸಿ ಬಲ್ಬು. ಅದರಡಿ ಗಂಡಿಗೆ 29ರಿಂದ 32 ಡಿಗ್ರಿ ಸೆಲ್ಸಿಯಸ್, ಹೆಣ್ಣಿಗೆ 27ರ ಆಸುಪಾಸು ಸಾಕು. ಗೂಡಿನ ಉಳಿದ ಭಾಗ ತಂಪಾಗಿರಲಿ. ರಾತ್ರಿ ಎರಡೂ ಆರಿಸಿ ಪೂರ್ತಿ ಕತ್ತಲು ಮಾಡಿ.

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಒಂದೆರಡು ಗಂಟೆ ದೀಪವಿಲ್ಲದಿದ್ದರೆ ಚಿಂತೆಯಿಲ್ಲ. ದಿನಗಟ್ಟಲೆ ಹೋದರೆ ತಣ್ಣಗಿನ ಮೈಯಲ್ಲಿ ತಿಂದದ್ದು ಅರಗುವುದಿಲ್ಲ, ಅಂಥ ದಿನಗಳಲ್ಲಿ ಹುಳು ಹಾಕಬೇಡಿ. ಯುವಿ ಟ್ಯೂಬನ್ನು ಇನ್ವರ್ಟರ್ ಎಳೆಯುತ್ತದೆ, ಬಿಸಿ ಬಲ್ಬು ಬ್ಯಾಟರಿಯನ್ನು ಬೇಗ ಖಾಲಿ ಮಾಡುತ್ತದೆ. ಹೊಳವಾದ ಕೂಡಲೇ ಗೂಡನ್ನು ಅಂಗಳದಲ್ಲಿಟ್ಟು ಅರ್ಧ ಗಂಟೆ ನೇರ ಬಿಸಿಲು ಕೊಡಿ. ಅರ್ಧ ಗೂಡಿಗೆ ನೆರಳಿರಬೇಕು, ಬೆಕ್ಕು ಬರದಂತೆ ಒಬ್ಬರು ಕಾಯಬೇಕು.

ನೀರು: ವಿದೇಶಿ ಸಲಹೆ ಇಲ್ಲಿ ತಲೆಕೆಳಗು

ಬಟ್ಟಲಲ್ಲಿ ನಿಂತ ನೀರನ್ನು ಊಸರವಳ್ಳಿ ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಎಲೆಯ ಮೇಲೆ ಹೊಳೆಯುವ ಹನಿಯನ್ನು ನೆಕ್ಕುತ್ತದೆ. ಅದಕ್ಕೇ ಸಾಕುವವರೆಲ್ಲ ‘ದಿನಕ್ಕೆ ಮೂರು ನಾಲ್ಕು ಸಲ ಸಿಂಪಡಿಸಿ’ ಎನ್ನುತ್ತಾರೆ. ಅದು ಹೀಟರ್ ಹಾಕಿ ಒಣಗಿದ ಮನೆಗಳಿಗೆ ಹೇಳಿದ ಮಾತು. ಆಷಾಢದ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ, ಒಗೆದ ಬಟ್ಟೆ ವಾರವಾದರೂ ಒಣಗದ ಮನೆಯಲ್ಲಿ, ಹಾಗೆ ಮಾಡಿದರೆ ಗೂಡಿಗೆ ಬೂಷ್ಟು ಹಿಡಿದು ಪ್ರಾಣಿಗೆ ಶ್ವಾಸಕೋಶದ ಸೋಂಕು ಬರುತ್ತದೆ.

ಗಾಳಿಯ ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಕೊಂಡು ಗೂಡಿನ ನಡುವೆ ನೇತುಹಾಕಿ. ವೇಲ್ಡ್ ತಳಿಗೆ ಹಗಲು ಶೇ 40ರಿಂದ 60 ಸಾಕು, ರಾತ್ರಿ ತಂಪಿನಲ್ಲಿ ಹೆಚ್ಚಿದ್ದರೂ ನಡೆಯುತ್ತದೆ. ಮಳೆಗಾಲದಲ್ಲಿ ಸಿಂಪಡಣೆ ಪೂರ್ತಿ ನಿಲ್ಲಿಸಿ. ಬೆಳಿಗ್ಗೆ ಒಂದು ಹೊತ್ತು ತಳದಲ್ಲಿ ಸೂಜಿತೂತು ಮಾಡಿದ ಲೋಟವನ್ನು ಗೂಡಿನ ಮೇಲಿಟ್ಟು ಎಲೆಗೆ ಹನಿ ಬೀಳುವಂತೆ ಮಾಡಿದರೆ ಆಯಿತು. ಕೆಳಗೆ ಬಿದ್ದ ನೀರನ್ನು ತಟ್ಟೆಯಲ್ಲಿ ಹಿಡಿದು ಚೆಲ್ಲಿ. ಟೇಬಲ್ ಫ್ಯಾನನ್ನು ಗೂಡಿನತ್ತ ತಿರುಗಿಸದೆ ಗೋಡೆಯ ಕಡೆ ಮುಖಮಾಡಿ ಬಿಡಿ. ಮಧ್ಯಾಹ್ನದ ಹೊತ್ತಿಗೆ ಎಲೆ, ಕೊಂಬೆ, ನೆಲ ಒಣಗಿರಬೇಕು. ಒಣಗದಿದ್ದರೆ ಆ ಕೋಣೆಯೇ ಸರಿಯಿಲ್ಲ, ಉಪ್ಪರಿಗೆಗೋ ಪೂರ್ವದ ಕಿಟಕಿಯಿರುವ ಕೋಣೆಗೋ ಬದಲಿಸಿ. ಶಿವಮೊಗ್ಗ ಪೇಟೆಯ ಮಾರ್ಚ್-ಏಪ್ರಿಲ್ ಬೇರೆಯದೇ ಕಥೆ. ಆಗ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಸಿಂಪಡಿಸಿ, ಮಧ್ಯಾಹ್ನ ಬಿಸಿ ಬಲ್ಬು ಆರಿಸಿಡಿ.

ಊಟ

ಮುಖ್ಯ ಆಹಾರ ಸಾಕಿದ ಕ್ರಿಕೆಟ್ ಹುಳು, ಮಿಡತೆಯನ್ನು ಹೋಲುವ ಕೀಟ. ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಟ್ಟೆಯ ರಟ್ಟಿನ ಟ್ರೇ ನಿಲ್ಲಿಸಿ ಮನೆಯಲ್ಲೇ ಬೆಳೆಸಬಹುದು. ಊಸರವಳ್ಳಿಯ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ದೊಡ್ಡ ಹುಳು ಕೊಡಬಾರದು. ಮರಿಗೆ ದಿನವೂ ಹತ್ತು ಹನ್ನೆರಡು ಸಣ್ಣವು. ವರ್ಷ ತುಂಬಿದ ಮೇಲೆ ದಿನ ಬಿಟ್ಟು ದಿನ ನಾಲ್ಕೈದು. ಕೊಡುವ ಹಿಂದಿನ ದಿನ ಹುಳುಗಳಿಗೇ ಕ್ಯಾರೆಟ್, ಸಿಹಿಗುಂಬಳ, ನುಗ್ಗೆಸೊಪ್ಪು ತಿನ್ನಿಸಿ. ಹುಳುವಿನ ಹೊಟ್ಟೆಯಲ್ಲಿರುವುದೇ ಊಸರವಳ್ಳಿಗೆ ಸಿಗುವುದು. ಪ್ರತಿ ಊಟಕ್ಕೂ ವಿಟಮಿನ್ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ಉದುರಿಸಿ. ಡಿ3 ಮತ್ತು ಮಲ್ಟಿವಿಟಮಿನ್ ತಿಂಗಳಿಗೆ ಎರಡು ಸಲ ಸಾಕು, ಅತಿಯಾದರೆ ಅದೇ ವಿಷ.

ಕರ್ನಾಟಕದಲ್ಲಿರುವವರಿಗೆ ಒಂದು ಅನುಕೂಲವಿದೆ: ರೇಷ್ಮೆ ಹುಳು. ಮೆತ್ತಗೆ, ನೀರಿನಂಶ ಹೆಚ್ಚು, ಕ್ರಿಕೆಟ್ ತಿಂದು ಬೇಸತ್ತ ಊಸರವಳ್ಳಿಯೂ ನಾಲಿಗೆ ಚಾಚುತ್ತದೆ. ಆದರೆ ಬೆಳೆಗಾರರು ಹುಳುಮನೆಯಲ್ಲಿ ಸುಣ್ಣ, ಸೋಂಕುನಿವಾರಕ ಪುಡಿ ಉದುರಿಸುತ್ತಾರೆ. ಚಾಕಿ ಹುಳುವನ್ನೇ, ಅಂದರೆ ಎಳೆಯ ಮರಿಹುಳುವನ್ನೇ ತಂದು, ಔಷಧ ಹೊಡೆಯದ ಹಿಪ್ಪುನೇರಳೆ ಸೊಪ್ಪಿನಲ್ಲಿ ನೀವೇ ಬೆಳೆಸಿಕೊಳ್ಳುವುದು ಕ್ಷೇಮ.

ತೋಟದಲ್ಲಿ ಪುಕ್ಕಟೆ ಸಿಗುವ ಮಿಡತೆಯ ಆಸೆ ಎಲ್ಲರಿಗೂ ಬರುತ್ತದೆ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದ ಅಡಿಕೆ ತೋಟದಿಂದ, ಕೀಟನಾಶಕ ಬಿದ್ದ ಗದ್ದೆಯಿಂದ ಹುಳುವನ್ನಾಗಲಿ ಎಲೆಯನ್ನಾಗಲಿ ತರಬೇಡಿ. ಅಡುಗೆಮನೆಯ ಜಿರಲೆಯೂ ಬೇಡ. ಮುಂಗಾರಿನ ಮುಂಚೆ ತೋಟದಲ್ಲಿ ಮಿನುಗುವ ಮಿಂಚುಹುಳವನ್ನಂತೂ ಒಂದನ್ನೂ ಕೊಡಕೂಡದು. ಅವುಗಳಲ್ಲಿ ಕೆಲವು ಜಾತಿಗಳ ಮೈಯಲ್ಲಿರುವ ವಿಷ ಹಲ್ಲಿ ಜಾತಿಯ ಪ್ರಾಣಿಗಳನ್ನು ಕೊಲ್ಲುತ್ತದೆ. ರಾತ್ರಿ ಗೂಡಿನ ಬಳಿ ಕಿಟಕಿ ತೆರೆದಿಡಬೇಡಿ. ತಿನ್ನದೆ ಉಳಿದ ಕ್ರಿಕೆಟ್‌ಗಳನ್ನು ಸಂಜೆಯೇ ತೆಗೆಯಿರಿ, ಮಲಗಿದ ಊಸರವಳ್ಳಿಯನ್ನು ಅವು ಕಚ್ಚುತ್ತವೆ.

ಹೆಣ್ಣಾದರೆ

ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ಇಡಲು ಜಾಗ ಸಿಗದಿದ್ದರೆ ಒಳಗೇ ಉಳಿದು ಜೀವ ಹೋಗುತ್ತದೆ. ಒಂದಡಿ ಆಳಕ್ಕೆ ತೊಳೆದ ಮರಳು ತುಂಬಿದ ಬಕೆಟ್ ಸದಾ ಗೂಡಿನಲ್ಲಿರಲಿ, ಕೊರೆದರೆ ಬಿಲ ಕುಸಿಯದಷ್ಟು ಹಸಿ ಇರಲಿ. ಅದು ಅಗೆಯತೊಡಗಿದರೆ ಗೂಡಿಗೆ ಬಟ್ಟೆ ಮುಚ್ಚಿ ದೂರ ಸರಿಯಿರಿ. ಇಣುಕಿದರೆ ಅಗೆಯುವುದನ್ನೇ ಬಿಟ್ಟುಬಿಡುತ್ತದೆ. ಇದೆಲ್ಲ ರಗಳೆ ಎನ್ನುವವರು ಗಂಡನ್ನೇ ತನ್ನಿ.

ವೈದ್ಯರ ಬಳಿ ಯಾವಾಗ

ಹಗಲಲ್ಲೇ ಕಣ್ಣು ಮುಚ್ಚಿ ಕೂತರೆ ತಡಮಾಡಬೇಡಿ. ಹಿಕ್ಕೆಯ ಬಿಳಿ ಭಾಗ ಕಿತ್ತಳೆಗೆ ತಿರುಗಿದರೆ, ಕಣ್ಣು ಗುಳಿಬಿದ್ದರೆ ನೀರು ಸಾಲದು. ಕಾಲು ಸೊಟ್ಟಗಾಗಿ ಕೊಂಬೆ ಹಿಡಿಯಲಾಗದಿದ್ದರೆ ಕ್ಯಾಲ್ಸಿಯಂ ಅಥವಾ ಯುವಿ-ಬಿ ಕೊರತೆ. ಬಾಯಿ ತೆರೆದು ಗೊರಗೊರ ಸದ್ದು ಮಾಡುತ್ತ ಉಸಿರಾಡಿದರೆ ಎದೆಯ ಸೋಂಕು, ನಮ್ಮ ಮಳೆಗಾಲದಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ನಾಯಿ-ದನಗಳ ವೈದ್ಯರೆಲ್ಲರೂ ಸರೀಸೃಪಗಳನ್ನು ನೋಡುವುದಿಲ್ಲ. ಕೊಳ್ಳುವ ಮೊದಲೇ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಯಾರು ನೋಡುತ್ತಾರೆಂದು ವಿಚಾರಿಸಿಟ್ಟುಕೊಳ್ಳಿ. ಹೋಗುವಾಗ ನೋಂದಣಿ ಪತ್ರ, ಆ ದಿನದ ಹಿಕ್ಕೆ, ಗೂಡು ಮತ್ತು ದೀಪಗಳ ಫೋಟೊ ಜೊತೆಯಲ್ಲಿರಲಿ.