ಪೆಲೆಟ್ ಗ್ರಿಲ್ ಕೊಳ್ಳುವ ಮುನ್ನ ಒಳಗೆ ಕೈ ಹಾಕಿ ನೋಡಿ

ಮರದ ಹೊಟ್ಟಿನ ಗುಳಿಗೆ (ಪೆಲೆಟ್) ಉರಿಸಿ ಆಹಾರ ಸುಡುವ ಪೆಲೆಟ್ ಗ್ರಿಲ್ ಮುಂದೆ ನಿಂತವರ ಕಣ್ಣು ಮೊದಲು ಹೋಗುವುದು ಡಿಜಿಟಲ್ ಪರದೆ ಮೇಲೆ. ಆಮೇಲೆ ವೈಫೈ ಇದೆಯಾ ಅಂತ ವಿಚಾರಣೆ. ನಾನೂ ಹಾಗೇ ನೋಡಿ ಕೊಂಡವನು. ಪರದೆ ಇವತ್ತಿಗೂ ಲಕಲಕ ಹೊಳೆಯುತ್ತಿದೆ. ಬೆಂಕಿ ಉರಿಯುವ ಬಟ್ಟಲು ಮಾತ್ರ ಎರಡೇ ವರ್ಷಕ್ಕೆ ತಳ ತೂತಾಯಿತು.

ಇದು ಒಲೆಗಿಂತ ಯಂತ್ರವೇ ಜಾಸ್ತಿ. ಹಾಪರ್ ಎಂಬ ಡಬ್ಬಕ್ಕೆ ಸುರಿದ ಮರದ ಪೆಲೆಟ್‌ಗಳನ್ನು ಆಗರ್ ಎಂಬ ಉದ್ದನೆಯ ತಿರುಪು ಸ್ವಲ್ಪಸ್ವಲ್ಪವೇ ಬೆಂಕಿ ಬಟ್ಟಲಿಗೆ ತಳ್ಳುತ್ತದೆ. ಇಗ್ನೈಟರ್ ಕಡ್ಡಿ ಕಾದು ಬೆಂಕಿ ಹೊತ್ತಿಸುತ್ತದೆ, ಫ್ಯಾನ್ ಗಾಳಿ ಊದುತ್ತದೆ. ಎಷ್ಟು ತಳ್ಳಬೇಕು ಎಂದು ಕಂಟ್ರೋಲರ್ ಹೇಳುತ್ತದೆ. 1980ರ ದಶಕದಲ್ಲಿ ಅಮೆರಿಕದ ಆರೆಗನ್‌ನಲ್ಲಿ ಜೋ ಟ್ರೇಗರ್ ರೂಪಿಸಿದ ಈ ಕಟ್ಟು ಇವತ್ತಿಗೂ ಬಹುತೇಕ ಹಾಗೇ ಇದೆ. ಪೇಟೆಂಟ್ ಮುಗಿದ ಮೇಲೆ ಹತ್ತಾರು ಕಂಪನಿಗಳು ಇದನ್ನೇ ಮಾಡತೊಡಗಿದವು. ವ್ಯತ್ಯಾಸ ಇರುವುದು ತಗಡಿನ ದಪ್ಪದಲ್ಲಿ, ಜೋಡಣೆಯಲ್ಲಿ.

ಮೊದಲು ಮುಚ್ಚಳ ಎತ್ತಿ ಇಳಿಸಿ. ಡಬ್ಬದ ಹಾಗೆ ಢಣ್ ಎಂದರೆ ತಗಡು ತೆಳು. ಗೇಜ್, ಅಂದರೆ ತಗಡಿನ ದಪ್ಪದ ಅಳತೆ, ಕೇಳುವಾಗ ಒಂದು ನೆನಪಿರಲಿ, ಸಂಖ್ಯೆ ಕಡಿಮೆಯಾದಷ್ಟೂ ದಪ್ಪ ಜಾಸ್ತಿ. 16 ಗೇಜ್ ಎಂದರೆ ಸುಮಾರು 1.5 ಮಿ.ಮೀ., 12 ಗೇಜ್ ಎಂದರೆ 2.7 ಮಿ.ಮೀ. ಹತ್ತಿರ. ತೆಳು ತಗಡು ಗಾಳಿ ಬೀಸಿದರೆ ಸಾಕು, ಶಾಖ ಕಳೆದುಕೊಳ್ಳುತ್ತದೆ. ಪೆಲೆಟ್ ಖರ್ಚೂ ಏರುತ್ತದೆ. ಮುಚ್ಚಳ ಒಂದು ಮೂಲೆಯಲ್ಲಿ ಮಾತ್ರ ಎದ್ದು ನಿಂತರೆ ಚೌಕಟ್ಟೇ ಸೊಟ್ಟಗಿದೆ ಅಂತ ಲೆಕ್ಕ.

ಇನ್ನು ಮುಖ್ಯವಾದದ್ದು. ಜಾಲರಿ, ಜಿಡ್ಡಿನ ತಟ್ಟೆ, ಅದರ ಕೆಳಗಿನ ಶಾಖ ತಡೆಯುವ ತಗಡು ಎಲ್ಲ ತೆಗೆಸಿ, ಟಾರ್ಚ್ ಹಿಡಿದು ಬೆಂಕಿ ಬಟ್ಟಲನ್ನು ನೋಡಿ. ಇಡೀ ಗ್ರಿಲ್‌ನಲ್ಲಿ ಜಾಸ್ತಿ ಸುಡುವುದು ಇದೇ. ಇದು ಸ್ಟೇನ್‌ಲೆಸ್ ಆಗಿರಲಿ, ಬೆಸುಗೆ ಉದ್ದಕ್ಕೂ ಒಂದೇ ಸಮ ಇರಲಿ. ಬೋಲ್ಟ್ ಬಿಚ್ಚಿ ಬದಲಿಸಲು ಬರುತ್ತದಾ ಎಂದೂ ಕೇಳಿ. ಬಟ್ಟಲನ್ನು ಮೈಗೇ ಬೆಸೆದಿದ್ದರೆ ನಾನಂತೂ ಮುಂದಿನ ಗ್ರಿಲ್ ಕಡೆ ಹೋಗುತ್ತೇನೆ.

ಇಗ್ನೈಟರ್ ಹೇಗೂ ಒಂದಲ್ಲ ಒಂದು ದಿನ ಹೋಗುವ ಭಾಗ. ಅದರಲ್ಲಿ ತಪ್ಪೇನಿಲ್ಲ, ಬದಲಿಸುವುದು ಸುಲಭ ಇರಬೇಕು ಅಷ್ಟೇ. ನನ್ನದನ್ನು ಬದಲಿಸಲು ಹಾಪರ್ ಪೂರ್ತಿ ಕಳಚಿ, ಹಳೇ ವೈರ್ ತುದಿಗೆ ದಾರ ಕಟ್ಟಿ ಎಳೆದು, ಅದೇ ದಾರದಿಂದ ಹೊಸ ವೈರನ್ನು ಒಳಗೆ ತಂದೆ. ಒಂದು ಭಾನುವಾರ ಅಲ್ಲೇ ಹೋಯಿತು. ಬಿಡಿಭಾಗ ಸಿಗುತ್ತದಾ, ಎಷ್ಟು ಸ್ಕ್ರೂ ಬಿಚ್ಚಬೇಕು ಎಂದು ಮೊದಲೇ ಕೇಳಿ.

ಹಾಪರ್ ಮುಚ್ಚಳ ಬಿಗಿಯಾಗಿ ಕೂರಬೇಕು, ಪೆಲೆಟ್ ಖಾಲಿ ಮಾಡಲು ಪುಟ್ಟ ಬಾಗಿಲಿದ್ದರೆ ಒಳ್ಳೆಯದು. ಇದು ಸಣ್ಣ ವಿಷಯ ಅನಿಸಬಹುದು. ಆದರೆ ಪೆಲೆಟ್ ಎಂದರೆ ಒತ್ತಿ ಗಟ್ಟಿ ಮಾಡಿದ ಮರದ ಹೊಟ್ಟು. ತೇವ ತಗುಲಿದರೆ ಉಬ್ಬಿ, ಪುಡಿಯಾಗಿ, ಆಗರ್ ಕೊಳವೆಯೊಳಗೆ ಸಿಮೆಂಟಿನಂತೆ ಕಚ್ಚಿಕೊಳ್ಳುತ್ತದೆ. ‘ಮೋಟರ್ ಹೋಯ್ತು’ ಎಂದು ಬೈಯುವ ಎಷ್ಟೋ ಸಲ ನಿಜವಾದ ಕಾರಣ ಇದೇ.

ಮನೆಗೆ ತಂದ ಮೇಲೆ ಮೊದಲ ಸಲ ಆಹಾರ ಇಡದೆ ಒಂದು ಗಂಟೆ ಉರಿಸಿ. ಜಾಲರಿ ಮೇಲೆ ಬೇರೆಯದೇ ಥರ್ಮಾಮೀಟರ್ ಇಡಿ. ಶಾಖ ಹತ್ತು ಡಿಗ್ರಿ ಮೇಲೆ ಕೆಳಗೆ ಆಡಿದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಸಮನೆ ಇಳಿಯುತ್ತಾ ಹೋದರೆ ಮಾತ್ರ ವಾರಂಟಿ ಕಾಗದ ಹುಡುಕಿ.

ಆರಿಸುವಾಗ ಪ್ಲಗ್ ಕಿತ್ತು ಎದ್ದು ಹೋಗಬೇಡಿ. ಶಟ್‌ಡೌನ್ ಒತ್ತಿದರೆ ಫ್ಯಾನ್ ಇನ್ನೂ ಕೆಲವು ನಿಮಿಷ ತಿರುಗಿ, ಬಟ್ಟಲಲ್ಲಿ ಉಳಿದ ಪೆಲೆಟ್ ಉರಿದು ಮುಗಿಯುತ್ತದೆ. ಇಲ್ಲದಿದ್ದರೆ ಬೆಂಕಿ ಆಗರ್ ಹಿಡಿದು ಹಾಪರ್ ಕಡೆಗೇ ಹಿಂದಕ್ಕೆ ನಡೆಯಬಹುದು. ನಡುವೆ ಬೆಂಕಿ ತಾನಾಗೇ ಆರಿತೇ? ಹಾಗೇ ಮತ್ತೆ ಸ್ಟಾರ್ಟ್ ಮಾಡಬೇಡಿ. ರಾಶಿ ಬಿದ್ದ ಪೆಲೆಟ್ ಒಮ್ಮೆಲೇ ಹೊತ್ತಿ, ಮುಚ್ಚಳವೇ ಹಾರಿ ತೆರೆದುಕೊಂಡೀತು. ಪ್ಲಗ್ ತೆಗೆದು, ಪೂರ್ತಿ ತಣ್ಣಗಾದ ಮೇಲೆ ಬಟ್ಟಲು ಖಾಲಿ ಮಾಡಿ, ಬೂದಿ ಗುಡಿಸಿ, ಆಮೇಲೆ ಹೊತ್ತಿಸಿ.