ಪ್ಲುಟೊ ಕದಲಲೇ ಇಲ್ಲ

ಪ್ಲುಟೊ ಫೋಟೊ ತೆಗೆಯುವುದು ಅಂಥ ಕಷ್ಟವೇನಲ್ಲ. ನನ್ನದು 8 ಇಂಚಿನ ಟೆಲಿಸ್ಕೋಪು. 30 ಸೆಕೆಂಡಿನ 20 ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸಿದರೆ ಅದು ಬಂದೇ ಬರುತ್ತದೆ. ಕಷ್ಟವಿರುವುದು ಮುಂದೆ. ಅಷ್ಟೊಂದು ಚುಕ್ಕಿಗಳಲ್ಲಿ ಅದು ಯಾವುದು? ಒಂದೇ ಜಾಗವನ್ನು ಎರಡು ರಾತ್ರಿ ತೆಗೆದು, ಎರಡನ್ನೂ ಪರದೆಯ ಮೇಲೆ ಅದಲುಬದಲು ಮಾಡುತ್ತಾ ನೋಡಬೇಕು. ಕದಲಿದ್ದೇ ಪ್ಲುಟೊ.

ಈಗ ಪ್ಲುಟೊ ಸೂರ್ಯನಿಗೆ ಎದುರಾಗಿ, ರಾತ್ರಿಯಿಡೀ ಕಾಣುವುದು ಜುಲೈ ಕೊನೆಯಲ್ಲಿ. ನಮ್ಮಲ್ಲಿ ಆಗ ಮೋಡ ಬಿಟ್ಟರೆ ಇನ್ನೇನಿರುತ್ತದೆ! ಹಾಗಾಗಿ ಅಕ್ಟೋಬರ್ ಎರಡನೇ ವಾರದವರೆಗೆ ಕಾದೆ. ಹೊಸದುರ್ಗದ ಹತ್ತಿರ ಮಾವನವರ ತೆಂಗಿನ ತೋಟದಲ್ಲಿ ಸಾಮಾನು ಇಳಿಸಿದೆ. ಬೆನ್ನುಬೆನ್ನಿಗೆ ಎರಡು ರಾತ್ರಿ, ಆಕಾಶ ತೊಳೆದಿಟ್ಟ ಹಾಗಿತ್ತು. ಫೋಟೊ ಚೆನ್ನಾಗಿಯೇ ಬಂದವು. ಒಂದು ಚುಕ್ಕಿಯೂ ಕದಲಿರಲಿಲ್ಲ.

"ಏನಪ್ಪಾ, ಸಿಕ್ತಾ?" ಅಂತ ಮಾವ ಕೇಳಿದರು.

"ಎಲ್ಲಾ ನಿಂತಲ್ಲೇ ನಿಂತಿವೆ ಮಾವ."

"ಹಂಗಾದ್ರೆ ಎಲ್ಲಾ ನಕ್ಷತ್ರಾನೇ ಬಿಡು."

ತಪ್ಪು ನನ್ನದೇ. ಪ್ಲುಟೊ ಸೂರ್ಯನನ್ನು ಒಂದು ಸುತ್ತು ಹಾಕಲು 248 ವರ್ಷ ಬೇಕು. ಆದ್ದರಿಂದ ನಮಗೆ ಕಾಣುವ ಅದರ ಚಲನೆ ಬಹುಪಾಲು ಭೂಮಿಯದು. ಬಸ್ಸು ಮುಂದೆ ಹೋದಂತೆ ಪಕ್ಕದ ಗುಡ್ಡ ಹಿಂದೆ ಸರಿಯುತ್ತದಲ್ವಾ, ಹಾಗೆ. ಜುಲೈನಲ್ಲಿ ಅದು ದಿನಕ್ಕೆ ಸುಮಾರು 1.4 ಆರ್ಕ್‌ಮಿನಿಟ್ (ಒಂದು ಡಿಗ್ರಿಯ 60ರಲ್ಲಿ ಒಂದು ಪಾಲು ಒಂದು ಆರ್ಕ್‌ಮಿನಿಟ್) ಹಿಂದೆ ಸರಿಯುತ್ತದೆ. ಅಕ್ಟೋಬರ್ ಹೊತ್ತಿಗೆ ಭೂಮಿ ಪ್ಲುಟೊಗೆ ಬೆನ್ನು ಹಾಕಿ ಹೆಚ್ಚುಕಡಿಮೆ ನೇರವಾಗಿ ದೂರ ಓಡುತ್ತಿರುತ್ತದೆ. ಗುಡ್ಡ ಬಸ್ಸಿನ ಹಿಂದಿನ ಗಾಜಿಗೆ ಬಂದಂತೆ! ಪಕ್ಕಕ್ಕೆ ಸರಿಯುವುದೇ ಇಲ್ಲ. ಸರಿಯಾಗಿ ಆ ವಾರವನ್ನೇ ಆರಿಸಿಕೊಂಡಿದ್ದೆ.

1930ರಲ್ಲಿ ಪ್ಲುಟೊ ಹುಡುಕಿದ ಕ್ಲೈಡ್ ಟಾಂಬಾಗ್ ಇದನ್ನು ಮೊದಲೇ ಯೋಚಿಸಿದ್ದರು. ಸೂರ್ಯನಿಗೆ ಎದುರಿರುವ ಆಕಾಶವನ್ನೇ ತೆಗೆಯಬೇಕು ಅನ್ನುವುದು ಅವರ ಹಟ. ಬೇರೆ ಕಡೆ ತೆಗೆದರೆ ಹತ್ತಿರದ ಕ್ಷುದ್ರಗ್ರಹವೂ ನಿಂತಂತೆ ಕಂಡು, ದೂರದ ಗ್ರಹವೆಂದು ಮೋಸ ಮಾಡುತ್ತದೆ. ಜನವರಿ 23 ಮತ್ತು 29ರ ಫೋಟೊ ಪ್ಲೇಟುಗಳನ್ನು ಹೋಲಿಸುತ್ತಾ ಫೆಬ್ರವರಿ 18ರಂದು ಅವರಿಗೆ ಅದು ಸಿಕ್ಕಿತು. ನಾನು ಇದನ್ನು ಓದಿದ್ದೆ, ತಲೆಗೆ ಹೋಗಿರಲಿಲ್ಲ ಅಷ್ಟೇ.

ನವೆಂಬರ್ ಮಧ್ಯದಲ್ಲಿ ಮತ್ತೆ ಹೋದೆ. ಸಂಜೆ ಏಳಕ್ಕೆ ಪ್ಲುಟೊ 40 ಡಿಗ್ರಿ ಎತ್ತರದಲ್ಲಿತ್ತು. ಎಂಟೂವರೆಗೆಲ್ಲ ತೆಂಗಿನ ಗರಿ ಅಡ್ಡ ಬಂತು. ಮಧ್ಯೆ ಎರಡು ರಾತ್ರಿ ಮೋಡ. ಮೂರು ದಿನದ ಅಂತರದಲ್ಲಿ ಎರಡು ಫೋಟೊ ಸಿಕ್ಕವು. ಈ ಸಲ ಒಂದು ಚುಕ್ಕಿ ಮಾತ್ರ ಜಿಗಿಯಿತು! ಸುಮಾರು ಮೂರು ಆರ್ಕ್‌ಮಿನಿಟ್, ಅಂದರೆ ಹುಣ್ಣಿಮೆ ಚಂದ್ರನ ಅಗಲದ ಹತ್ತರಲ್ಲಿ ಒಂದು ಪಾಲು. ಆಕಾಶ ತೋರಿಸುವ ಸ್ಟೆಲೇರಿಯಂ ಸಾಫ್ಟ್‌ವೇರಿನ ನಕ್ಷೆಗೂ ತಾಳೆಯಾಯಿತು. ಮಾವ ಕನ್ನಡಕ ಹಾಕಿಕೊಂಡು ಐದು ನಿಮಿಷ ಅದನ್ನೇ ಆಡಿಸುತ್ತಾ ಕೂತರು.

ಮುಂದಿನದು ಮಾಕೆಮಾಕೆ, ಪ್ಲುಟೊ ಥರದ್ದೇ ಇನ್ನೊಂದು ಕುಬ್ಜಗ್ರಹ. 1992ರಲ್ಲಿ ಡೇವಿಡ್ ಜೂವಿಟ್ ಮತ್ತು ಜೇನ್ ಲೂ ಕಂಡುಹಿಡಿದ, ನೆಪ್ಚೂನಿನಾಚೆಯ ಪುಟ್ಟ ಕಾಯ ಆಲ್ಬಿಯನ್‌ನಂಥವು ನನ್ನ ಟೆಲಿಸ್ಕೋಪಿಗೆ ಎಟುಕುವ ಮಾತಲ್ಲ. ಮಾಕೆಮಾಕೆ ಪ್ಲುಟೊಗಿಂತ ಹತ್ತು ಪಟ್ಟಿಗೂ ಜಾಸ್ತಿ ಮಸುಕು, 20 ಫೋಟೊ ಸಾಲುವುದಿಲ್ಲ. ಆದರೆ ಅದು ಸೂರ್ಯನಿಗೆ ಎದುರಾಗುವುದು ಮಾರ್ಚ್ ಕೊನೆಯ ಹೊತ್ತಿಗೆ. ಮಳೆ ಇಲ್ಲ. ನಡುನೆತ್ತಿಯ ಹತ್ತಿರವೇ ಹಾದುಹೋಗುವುದರಿಂದ ತೆಂಗಿನ ಗರಿಯ ಕಾಟವೂ ಇಲ್ಲ.